ಹಳೆಯ ಜಾಲಕ್ಕೆ ಹೊಸ ನೂಲು

1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲ ತನ್ನ ಮಾತಿನ ಪದ್ಧತಿಯನ್ನೇ ಬದಲಿಸಿಕೊಂಡಿತು. ಜಾಲದಲ್ಲಿದ್ದ ಸುಮಾರು 400 ಕಂಪ್ಯೂಟರ್‌ಗಳು ಅಲ್ಲಿಯವರೆಗೆ ಎನ್‌ಸಿಪಿ ಎಂಬ ನಿಯಮಾವಳಿಯ ಪ್ರಕಾರ ಪರಸ್ಪರ ಸಂದೇಶ ಕಳಿಸುತ್ತಿದ್ದವು. ಅಂದಿನಿಂದ ಎಲ್ಲರೂ ಟಿಸಿಪಿ/ಐಪಿ ಎಂಬ ಹೊಸ ನಿಯಮಾವಳಿಗೆ ಹೊರಳಬೇಕೆಂದು ಕಟ್ಟಪ್ಪಣೆಯಾಗಿತ್ತು. ಒಂದು ವರ್ಷಕ್ಕೂ ಮೊದಲೇ, 1981ರ ನವೆಂಬರಿನಲ್ಲಿ, ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ ಈ ಬದಲಾವಣೆಯ ಯೋಜನೆಯನ್ನು ಬರೆದು ಹಂಚಿದ್ದರು. ಆದರೂ ‘ನಾಳೆ ನೋಡೋಣ’ ಎನ್ನುವವರು ಎಲ್ಲ ದೇಶಗಳಲ್ಲೂ ಇರುತ್ತಾರಲ್ಲ! ಅಂಥವರನ್ನು ಎಚ್ಚರಿಸಲೆಂದು 1982ರಲ್ಲಿ ಒಮ್ಮೆ ಒಂದು ದಿನ, ಮತ್ತೊಮ್ಮೆ ಎರಡು ದಿನ ಹಳೆಯ ಪದ್ಧತಿಯನ್ನು ಬೇಕೆಂದೇ ನಿಲ್ಲಿಸಿ ಬಿಸಿ ಮುಟ್ಟಿಸಲಾಗಿತ್ತು. ಹೊಸ ವರ್ಷ ಬಂತು, ಜಾಲ ಹೊರಳಿತು. ‘ಟಿಸಿಪಿ/ಐಪಿ ಪರಿವರ್ತನೆಯಲ್ಲಿ ಬದುಕುಳಿದೆ’ ಎಂಬರ್ಥದ ಬಿಲ್ಲೆಯನ್ನು ಇಂಜಿನಿಯರ್‌ಗಳು ಅಂಗಿಗೆ ಸಿಕ್ಕಿಸಿಕೊಂಡು ಓಡಾಡಿದರು.

ಜಾಲದ ಬುಡವನ್ನು ಹೀಗೆ ದಿನ ಗೊತ್ತುಮಾಡಿ ಬದಲಿಸಿದ್ದು ಅದೇ ಮೊದಲು, ಅದೇ ಕೊನೆ. ಆಗ ಜಾಲಕ್ಕೆ ಅಮೆರಿಕದ ರಕ್ಷಣಾ ಇಲಾಖೆ ಎಂಬ ಒಬ್ಬ ಯಜಮಾನನಿದ್ದ; ಅವನ ಮಾತು ನಡೆಯುತ್ತಿತ್ತು. ಇಂದು 500 ಕೋಟಿಗೂ ಹೆಚ್ಚು ಜನ ಇಂಟರ್‌ನೆಟ್ ಬಳಸುತ್ತಿದ್ದಾರೆ. ಬ್ಯಾಂಕು, ರೈಲು, ಆಸ್ಪತ್ರೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರ ಮೇಲೆ ನಿಂತಿವೆ. ‘ನಾಳೆಯಿಂದ ಎಲ್ಲರೂ ಬದಲಾಗಿ’ ಎಂದು ಹೇಳಬಲ್ಲವರು ಯಾರೂ ಇಲ್ಲ. ಹಾಗಿದ್ದರೂ ‘ಮುಂದಿನ ತಲೆಮಾರಿನ ಇಂಟರ್‌ನೆಟ್’ ಕಟ್ಟುತ್ತೇವೆಂದು ಕಳೆದ ಮೂವತ್ತು ವರ್ಷಗಳಿಂದ ಅಮೆರಿಕ, ಯುರೋಪ್, ಜಪಾನ್, ಚೀನಾಗಳಲ್ಲಿ ಒಂದರ ಹಿಂದೊಂದು ಸಂಶೋಧನಾ ಯೋಜನೆಗಳು ಹೊರಟಿವೆ. ಅವುಗಳ ಪಾಡೇನಾಯಿತು?

ಅದಕ್ಕೆ ಮೊದಲು, ಓಡುತ್ತಿರುವ ಜಾಲವನ್ನು ರಿಪೇರಿ ಮಾಡುವುದು ಹೇಗೆಂದು ತಿಳಿಯಬೇಕು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಕೊಂಡಿ ಇದ್ದಕ್ಕಿದ್ದಂತೆ ಸೊರಗಿತು. ಎರಡರ ನಡುವಿನ ಅಂತರ ಸುಮಾರು 400 ಗಜ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗಿಸುತ್ತಿದ್ದ ಕೊಂಡಿ 40 ಬಿಟ್‌ಗೆ ಇಳಿಯಿತು. 40 ಬಿಟ್ ಎಂದರೆ ಸೆಕೆಂಡಿಗೆ ಐದು ಇಂಗ್ಲಿಷ್ ಅಕ್ಷರ. ಕಾಗದವನ್ನು ಜವಾನನ ಕೈಲಿ ಕೊಟ್ಟು ಕಳಿಸಿದ್ದರೂ ಬೇಗ ಮುಟ್ಟುತ್ತಿತ್ತು.

ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ, ಮೈಕ್ ಕರೆಲ್ಸ್ ಜೊತೆಗೂಡಿ ಕಾರಣ ಹುಡುಕಿದರು. ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ದಾರಿಯಲ್ಲಿ ದಟ್ಟಣೆಯಾದರೆ ಕೆಲವು ಪೊಟ್ಟಣ ಕಳೆದುಹೋಗುತ್ತವೆ. ಕಳಿಸಿದ ಕಂಪ್ಯೂಟರ್, ರಸೀದಿ ಬರಲಿಲ್ಲವೆಂದು ಅದನ್ನೇ ಮತ್ತೆ ಕಳಿಸುತ್ತದೆ. ಎಲ್ಲರೂ ಹೀಗೇ ಮಾಡಿದರೆ ದಟ್ಟಣೆ ಇಮ್ಮಡಿಸುತ್ತದೆ, ಇನ್ನಷ್ಟು ಪೊಟ್ಟಣ ಕಳೆಯುತ್ತವೆ. ಟ್ರಾಫಿಕ್ ಜಾಮ್‌ನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದಂತೆ. ಜೇಕಬ್ಸನ್ ಸೂಚಿಸಿದ ಉಪಾಯ ಸರಳವಾಗಿತ್ತು. ಮೊದಲು ಒಂದು ಪೊಟ್ಟಣ ಕಳಿಸು. ರಸೀದಿ ಬಂದರೆ ಎರಡು, ಆಮೇಲೆ ನಾಲ್ಕು. ಒಂದು ಕಳೆದರೂ ದಾರಿ ತುಂಬಿದೆಯೆಂದು ತಿಳಿದು ವೇಗ ತಗ್ಗಿಸು. ಇದಕ್ಕಾಗಿ ದಾರಿಯ ನಡುವಿನ ಒಂದೇ ಒಂದು ಯಂತ್ರವನ್ನೂ ಮುಟ್ಟಬೇಕಾಗಲಿಲ್ಲ. ಎರಡು ತುದಿಗಳ ಕಂಪ್ಯೂಟರ್‌ಗಳಲ್ಲಿ ಕೆಲವು ಸಾಲು ಪ್ರೋಗ್ರಾಂ ತಿದ್ದಿದರೆ ಸಾಕಾಯಿತು.

ಇಂಟರ್‌ನೆಟ್ಟಿನ ಗುಟ್ಟೇ ಇದು. ಬುದ್ಧಿಯೆಲ್ಲ ತುದಿಯಲ್ಲಿರಲಿ, ನಡುವಿನ ಜಾಲ ಸುಮ್ಮನೆ ಪೊಟ್ಟಣ ಸಾಗಿಸಲಿ ಎಂಬ ಧೋರಣೆಯಿಂದ ಅದನ್ನು ಕಟ್ಟಿದ್ದರು. ಹಾಗಾಗಿಯೇ ಯಾರ ಅಪ್ಪಣೆಯನ್ನೂ ಕೇಳದೆ ಹೊಸ ಹೊಸ ಉಪಯೋಗಗಳು ಹುಟ್ಟಿದವು. ತುದಿಯ ಕಾಯಿಲೆಗೆ ತುದಿಯಲ್ಲೇ ಮದ್ದು ಸಿಗುತ್ತದೆ. ಆದರೆ ನಡುವಿನದನ್ನೇ ಬದಲಿಸಬೇಕಾಗಿ ಬಂದರೆ?

ಅಂಥ ಕಾಲ ಬೇಗನೆ ಬಂತು. ಜಾಲದ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. 1977ರಲ್ಲಿ ವಿಂಟ್ ಸರ್ಫ್, ವಾದ ಮಾಡುತ್ತಿದ್ದವರನ್ನೆಲ್ಲ ಸುಮ್ಮನಾಗಿಸಿ, ವಿಳಾಸಕ್ಕೆ 32 ಬಿಟ್ ಸಾಕೆಂದು ತೀರ್ಮಾನಿಸಿದರು. ಎರಡನ್ನು 32 ಬಾರಿ ಗುಣಿಸಿ ನೋಡಿ: 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸಗಳು. ಒಂದು ಪ್ರಯೋಗಕ್ಕೆ ಅದು ಧಾರಾಳವೇ. ಪ್ರಯೋಗ ಮುಗಿಯಲೇ ಇಲ್ಲ, ಅದೇ ಇಂಟರ್‌ನೆಟ್ ಆಯಿತು! 1990ರ ದಶಕದಲ್ಲೇ ವಿಳಾಸಗಳು ಸಾಲವೆಂದು ಎಲ್ಲರಿಗೂ ಗೊತ್ತಾಯಿತು. 1995ರ ಡಿಸೆಂಬರಿನಲ್ಲಿ 128 ಬಿಟ್‌ಗಳ ಹೊಸ ಪದ್ಧತಿ, ಐಪಿವಿ6, ಕಾಗದದ ಮೇಲೆ ಸಿದ್ಧವಾಯಿತು. ಅದರ ವಿಳಾಸಗಳ ಸಂಖ್ಯೆ ಬರೆಯಲು 340ರ ಮುಂದೆ ಸುಮಾರು 36 ಸೊನ್ನೆ ಹಾಕಬೇಕು.

ಆದರೆ ಹೊಸದಕ್ಕೂ ಹಳೆಯದಕ್ಕೂ ನೇರ ಮಾತುಕತೆ ಇಲ್ಲ. ಎದುರಿನವರು ಬದಲಾಗದೆ ತಾನೊಬ್ಬ ಬದಲಾದರೆ ಲಾಭವೇನು ಎಂದು ಎಲ್ಲ ಕಂಪನಿಗಳೂ ಕಾಯುತ್ತ ಕುಳಿತವು. ಈ ನಡುವೆ 1994ರಲ್ಲಿ ತಾತ್ಕಾಲಿಕವೆಂದು ಬಂದ ‘ನ್ಯಾಟ್’ ಎಂಬ ಉಪಾಯ ಕಾಯಂ ಆಗಿಬಿಟ್ಟಿತು. ಅದನ್ನು ಹಳೆಯ ಬೆಂಗಳೂರು, ಮೈಸೂರಿನ ವಠಾರಕ್ಕೆ ಹೋಲಿಸಬಹುದು. ಹೊರಗಿನವರಿಗೆ ಕಾಣುವುದು ಒಂದೇ ಬಾಗಿಲ ನಂಬರು. ಒಳಗೆ ಹತ್ತು ಸಂಸಾರ. ಒಳಗಿನವರು ಬರೆದ ಕಾಗದಕ್ಕೆ ಉತ್ತರ ಬಂದರೆ ಬಾಗಿಲಲ್ಲಿ ಕುಳಿತವನು ಯಾರದೆಂದು ನೋಡಿ ಮುಟ್ಟಿಸುತ್ತಾನೆ. ಹೊರಗಿನವರು ತಾವಾಗಿಯೇ ಬರೆದರೆ ಯಾರಿಗೆ ಕೊಡಬೇಕೆಂದು ಅವನಿಗೆ ತಿಳಿಯದು. ಕೆಲಸ ನಡೆಯುತ್ತದೆ, ಆದರೆ ಮನೆಯ ಕಂಪ್ಯೂಟರ್ ಇನ್ನೊಂದು ಮನೆಯ ಕಂಪ್ಯೂಟರನ್ನು ನೇರವಾಗಿ ಕರೆಯಲಾಗದೆ ನಡುವೆ ಒಂದು ಕಂಪನಿಯ ಸರ್ವರ್ ಬೇಕಾಗುತ್ತದೆ. ಸಣ್ಣ ಅನುಕೂಲವೊಂದು ಜಾಲದ ಸ್ವಭಾವವನ್ನೇ ಬದಲಿಸಿದ್ದು ಹೀಗೆ.

ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿ 3ರಂದು ಖಾಲಿಯಾಯಿತು. ಐಪಿವಿ6 ಕಾಲೂರಿದ್ದು ಆಮೇಲೆಯೇ. ಭಾರತದಲ್ಲಿ 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಮೊಬೈಲ್ ಜಾಲ ಮೊದಲಿನಿಂದಲೇ ಹೊಸ ವಿಳಾಸಗಳನ್ನು ನೆಚ್ಚಿಕೊಂಡದ್ದರಿಂದ ನಮ್ಮ ದೇಶ ಈ ವಿಷಯದಲ್ಲಿ ಮುಂಚೂಣಿಗೆ ಬಂತು. ಹಳೆಯ ವಿಳಾಸಗಳ ದೊಡ್ಡ ಗಂಟು ಅಮೆರಿಕದ ಸಂಸ್ಥೆಗಳ ಬಳಿ ಇತ್ತು. ತಡವಾಗಿ ಬಂದವರಿಗೆ ಹೊಸದೇ ಗತಿ, ಅದೇ ಅನುಕೂಲವೂ ಆಯಿತು.

ಇನ್ನು ಹೊಸ ಜಾಲದ ಯೋಜನೆಗಳ ಕಡೆ ಬರೋಣ. 1996ರ ಅಕ್ಟೋಬರಿನಲ್ಲಿ ಎರಡು ಪ್ರಕಟಣೆಗಳಾದವು. ಶಿಕಾಗೋದಲ್ಲಿ ಸೇರಿದ್ದ 34 ವಿಶ್ವವಿದ್ಯಾಲಯಗಳು ‘ಇಂಟರ್‌ನೆಟ್2’ ಎಂಬ ಕೂಟ ಕಟ್ಟಿಕೊಂಡವು. ಅದೇ ತಿಂಗಳು ಅಧ್ಯಕ್ಷ ಬಿಲ್ ಕ್ಲಿಂಟನ್ ‘ನೆಕ್ಸ್ಟ್ ಜನರೇಶನ್ ಇಂಟರ್‌ನೆಟ್’ ಯೋಜನೆ ಘೋಷಿಸಿದರು: 100 ಸಂಶೋಧನಾ ಸಂಸ್ಥೆಗಳಿಗೆ ಆಗಿನದಕ್ಕಿಂತ 100 ಪಟ್ಟು, ಕೆಲವಕ್ಕೆ 1000 ಪಟ್ಟು ವೇಗದ ಸಂಪರ್ಕ. 1999ರಲ್ಲಿ ಇಂಟರ್‌ನೆಟ್2 ಕೂಟದ ‘ಅಬಿಲೀನ್’ ಎಂಬ ಬೆನ್ನೆಲುಬು ಜಾಲ ಸೆಕೆಂಡಿಗೆ 250 ಕೋಟಿ ಬಿಟ್ ವೇಗದಲ್ಲಿ ಓಡಿತು. ಚೀನಾ 2004ರ ಕೊನೆಯಲ್ಲಿ 20 ನಗರಗಳ ವಿಶ್ವವಿದ್ಯಾಲಯಗಳನ್ನು ಐಪಿವಿ6 ಮಾತ್ರ ಬಳಸುವ ಜಾಲದಿಂದ ಬೆಸೆಯಿತು. ಭಾರತದಲ್ಲಿ 1986ರಲ್ಲೇ ‘ಅರ್ನೆಟ್’ ಆರಂಭವಾಗಿತ್ತು. ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಒಂದು. 2010ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 5,990 ಕೋಟಿ ರೂಪಾಯಿಯ ‘ರಾಷ್ಟ್ರೀಯ ಜ್ಞಾನ ಜಾಲ’ಕ್ಕೆ ಒಪ್ಪಿಗೆ ಕೊಟ್ಟಿತು. ಇವೆಲ್ಲ ಸಾರ್ಥಕ ಕೆಲಸಗಳೇ. ಆದರೆ ದಾರಿ ಅಗಲವಾಯಿತು, ದಾರಿಯ ನಿಯಮ ಬಹುಮಟ್ಟಿಗೆ ಹಳೆಯದೇ ಉಳಿಯಿತು.

ನಿಯಮವನ್ನೇ ಪ್ರಶ್ನಿಸಿದವರು 2005ರ ನಂತರ ಬಂದರು. ಇಂಟರ್‌ನೆಟ್ಟನ್ನು ಇಂದು ಮೊದಲಿನಿಂದ ಕಟ್ಟುವುದಾದರೆ ಹೇಗೆ ಕಟ್ಟುತ್ತಿದ್ದಿರಿ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸಂಶೋಧಕರನ್ನು ಕೇಳಿತು. ಜಪಾನಿನಲ್ಲಿ ‘ಅಕಾರಿ’ ಯೋಜನೆ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಕ್ಲೀನ್ ಸ್ಲೇಟ್’ ಯೋಜನೆ ಇದೇ ಪ್ರಶ್ನೆ ಹಿಡಿದು ಹೊರಟವು.

ಅತ್ಯಂತ ದಿಟ್ಟ ಉತ್ತರ ಮತ್ತೆ ಜೇಕಬ್ಸನ್‌ರಿಂದಲೇ ಬಂತು. ಈಗಿನ ಜಾಲದಲ್ಲಿ ಏನು ಬೇಕಿದ್ದರೂ ‘ಇಂಥ ವಿಳಾಸದ ಯಂತ್ರದಿಂದ ತಂದುಕೊಡು’ ಎಂದು ಕೇಳಬೇಕು. ‘ಇಂಥದು ಬೇಕು’ ಎಂದಷ್ಟೇ ಕೇಳಿದರೆ ಸಾಲದೇ? ಊರಿನಲ್ಲಿ ಪತ್ರಿಕೆ ಓದಬೇಕೆನ್ನುವವರು ಮುದ್ರಣಾಲಯಕ್ಕೆ ಹೋಗುವುದಿಲ್ಲ. ಚಹಾದಂಗಡಿಯಲ್ಲೋ ಪಕ್ಕದ ಮನೆಯಲ್ಲೋ ಸಿಗುವ ಪ್ರತಿಯನ್ನು ಓದುತ್ತಾರೆ. ಹಾಗೆಯೇ ಒಂದೇ ಪಾಠದ ವಿಡಿಯೋವನ್ನು ಒಂದೇ ಬೀದಿಯ ನೂರು ಮಕ್ಕಳು ನೋಡುತ್ತಿದ್ದರೆ ಅದು ನೂರು ಬಾರಿ ಸಮುದ್ರ ದಾಟಿ ಬರಬೇಕೇ? ಹತ್ತಿರದ ಪ್ರತಿ ಸಾಕು; ಅದು ಅಸಲಿ ಎಂಬುದಕ್ಕೆ ಅದರಲ್ಲೇ ಡಿಜಿಟಲ್ ಸಹಿ ಇರಲಿ. ಇದೇ ವಿಚಾರದ ಮೇಲೆ 2010ರಲ್ಲಿ ಲಾಸ್ ಏಂಜಲೀಸಿನ ಪ್ರಾಧ್ಯಾಪಕಿ ಲಿಶಿಯಾ ಝಾಂಗ್ ಮುಂದಾಳತ್ವದಲ್ಲಿ ‘ನೇಮ್ಡ್ ಡೇಟಾ ನೆಟ್‌ವರ್ಕಿಂಗ್’ ಯೋಜನೆ ಆರಂಭವಾಯಿತು.

ಅದು ಇಂಟರ್‌ನೆಟ್ಟಿನ ಜಾಗ ಹಿಡಿಯಲಿಲ್ಲ. ಆದರೆ ಹತ್ತಿರದ ಪ್ರತಿ ಎಂಬ ಅದೇ ಉಪಾಯ ಬೇರೆ ದಾರಿಯಲ್ಲಿ ಆಗಲೇ ಬೇರೂರಿತ್ತು. ದೊಡ್ಡ ಕಂಪನಿಗಳು ತಮ್ಮ ಪ್ರತಿಗಳನ್ನು ಊರೂರಿನ ಉಗ್ರಾಣಗಳಲ್ಲಿ ಇಡುತ್ತವೆ. ನೆಟ್‌ಫ್ಲಿಕ್ಸ್ 2012ರಿಂದ ಸ್ಥಳೀಯ ಇಂಟರ್‌ನೆಟ್ ಕಂಪನಿಗಳ ಕಟ್ಟಡದೊಳಗೇ ತನ್ನ ಪೆಟ್ಟಿಗೆಗಳನ್ನು ಇರಿಸತೊಡಗಿತು. ವ್ಯತ್ಯಾಸ ಒಂದೇ. ಝಾಂಗ್ ಅವರ ಜಾಲದಲ್ಲಿ ಹತ್ತಿರದ ಪ್ರತಿಯ ಸೌಕರ್ಯ ಹಳ್ಳಿಯ ಶಾಲೆಗೂ ಪುಕ್ಕಟೆ ಸಿಗುತ್ತಿತ್ತು; ಈಗ ಅದು ಉಗ್ರಾಣ ಕಟ್ಟಬಲ್ಲವರಿಗೆ, ಇಲ್ಲವೇ ಅದರ ಬಾಡಿಗೆ ಕೊಡಬಲ್ಲವರಿಗೆ.

ಸ್ಟ್ಯಾನ್‌ಫರ್ಡಿನ ಕತೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಮಾರ್ಟಿನ್ ಕಸಾಡೊ ಎಂಬ ಪಿಎಚ್.ಡಿ. ವಿದ್ಯಾರ್ಥಿಗೆ, ಅವನ ಗುರು ನಿಕ್ ಮೆಕ್‌ಯೋನ್ ಅವರಿಗೆ ಒಂದು ತೊಡಕು ಎದುರಾಯಿತು. ಜಾಲದ ನಡುವಿನ ಸ್ವಿಚ್ಚುಗಳು ಬೀಗ ಹಾಕಿದ ಪೆಟ್ಟಿಗೆಗಳಂತೆ; ತಯಾರಿಸಿದ ಕಂಪನಿಯ ಹೊರತು ಬೇರೆಯವರು ಒಳಗಿನ ನಿಯಮ ಬದಲಿಸುವಂತಿಲ್ಲ. ಹಾಗಾದರೆ ಕಾಲೇಜಿನಲ್ಲಿ ಹೊಸ ಪ್ರಯೋಗ ನಡೆಸುವುದೆಲ್ಲಿ? 2008ರಲ್ಲಿ ಅವರ ಬಳಗ ‘ಓಪನ್‌ಫ್ಲೋ’ ಎಂಬ ಪದ್ಧತಿ ಪ್ರಕಟಿಸಿತು. ಪ್ರತಿ ಸರ್ಕಲ್ಲಿನ ಪೊಲೀಸ್ ಪೇದೆ ತನಗೆ ತೋಚಿದಂತೆ ವಾಹನ ಬಿಡುವ ಬದಲು ಇಡೀ ಊರನ್ನು ನೋಡುತ್ತಿರುವ ಕಂಟ್ರೋಲ್ ರೂಮಿನಿಂದ ಸೂಚನೆ ಬರುವಂಥ ಏರ್ಪಾಡು ಅದು. ಕಾಲೇಜಿನ ಪ್ರಯೋಗಕ್ಕೆಂದು ಹುಟ್ಟಿದ್ದು ವರ್ಷಗಳಲ್ಲೇ ಉದ್ಯಮವಾಯಿತು. ಗೂಗಲ್ ತನ್ನ ದತ್ತಾಂಶ ಕೇಂದ್ರಗಳ ನಡುವಿನ ಅನೇಕ ಕೊಂಡಿಗಳನ್ನು ಈ ರೀತಿ ನಡೆಸಿ ಹೆಚ್ಚುಕಡಿಮೆ ಪೂರ್ಣ ಸಾಮರ್ಥ್ಯಕ್ಕೆ ದುಡಿಸಿಕೊಂಡದ್ದನ್ನು 2013ರಲ್ಲಿ ವರದಿ ಮಾಡಿತು. ಕಸಾಡೊ, ಮೆಕ್‌ಯೋನ್ ಮತ್ತು ಸ್ಕಾಟ್ ಶೆಂಕರ್ ಕಟ್ಟಿದ ‘ನಿಸಿರಾ’ ಕಂಪನಿಯನ್ನು 2012ರಲ್ಲಿ ವಿಎಂವೇರ್ 126 ಕೋಟಿ ಡಾಲರಿಗೆ ಕೊಂಡಿತು. ಹೊಸ ಇಂಟರ್‌ನೆಟ್ ಬರಲಿಲ್ಲ. ಹಳೆಯದರ ಒಳಗಿನ ಯಂತ್ರಗಳನ್ನು ನಡೆಸುವ ರೀತಿ ಬದಲಾಯಿತು.

ಹೊರಗಿನಿಂದ ನೋಡುವವರಿಗೆ ತೀರಾ ಕಾಣದಂತೆ ನಡೆದ ಬದಲಾವಣೆ ಇನ್ನೊಂದಿದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ಸಂದೇಶ ಹೋಗಿ ಬರಲು ಸುಮಾರು ಕಾಲು ಸೆಕೆಂಡು ಬೇಕು. ಟಿಸಿಪಿ ಪದ್ಧತಿಯಲ್ಲಿ ಮೊದಲು ಪರಿಚಯದ ನಮಸ್ಕಾರ, ಆಮೇಲೆ ಗುಟ್ಟಿನ ಕೀಲಿಯ ವಿನಿಮಯ, ಆ ಬಳಿಕವೇ ಕೆಲಸದ ಮಾತು. ಅಷ್ಟರಲ್ಲಿ ಎರಡು ಮೂರು ಸುತ್ತು ಓಡಾಟ ಆಗಿಹೋಗುತ್ತಿತ್ತು. 2012ರಲ್ಲಿ ಗೂಗಲ್‌ನ ಜಿಮ್ ರಾಸ್ಕಿಂಡ್ ರೂಪಿಸಿದ ‘ಕ್ವಿಕ್’ ಎಂಬ ಪದ್ಧತಿಯಲ್ಲಿ ಎಲ್ಲ ಒಂದೇ ಸುತ್ತಿಗೆ ಮುಗಿಯುತ್ತದೆ. ಹಿಂದೆ ಪರಿಚಯವಿದ್ದರೆ ಅದೂ ಬೇಡ. ಮನೆಯ ವೈಫೈ ಬಿಟ್ಟು ರಸ್ತೆಗಿಳಿದು ಮೊಬೈಲ್ ಜಾಲಕ್ಕೆ ಬಂದರೂ ಸಂಪರ್ಕ ಕಡಿಯದೆ ಮುಂದುವರಿಯಬಲ್ಲದು. ನಡುವಿನ ಪೆಟ್ಟಿಗೆಗಳು ಹೊಸದನ್ನು ಕಂಡರೆ ತಡೆಯುತ್ತವೆಂದು ಅದು ಹಳೆಯ ಯುಡಿಪಿ ಎಂಬ ಲಕೋಟೆಯೊಳಗೆ, ಬಹುಪಾಲು ಗೂಢಲಿಪಿಯಲ್ಲಿ ಸಾಗುತ್ತದೆ. ವರ್ಷಗಟ್ಟಲೆ ಚರ್ಚೆಯಾಗಿ 2021ರ ಮೇ ತಿಂಗಳಲ್ಲಿ ಕ್ವಿಕ್ ಅಂತರರಾಷ್ಟ್ರೀಯ ಮಾನಕವಾಯಿತು.

ಇದು ಗೂಗಲ್‌ಗೆ ಹೇಗೆ ಸಾಧ್ಯವಾಯಿತು? ಒಂದು ತುದಿಯಲ್ಲಿ ಕ್ರೋಮ್ ಬ್ರೌಸರ್ ಅದರದು, ಇನ್ನೊಂದು ತುದಿಯಲ್ಲಿ ಯೂಟ್ಯೂಬ್ ಅದರದು. ಎರಡೂ ತುದಿ ಕೈಯಲ್ಲಿದ್ದವನು ಯಾರನ್ನೂ ಕೇಳದೆ ಪ್ರಯೋಗ ಮಾಡಬಹುದು. 1983ರ ಒಬ್ಬ ಯಜಮಾನನ ಅಧಿಕಾರ ಇನ್ನೊಂದು ವೇಷದಲ್ಲಿ ಮರಳಿದೆ ಎಂದರೆ ತಪ್ಪಾಗದು. ಕ್ವಿಕ್ ಒಳ್ಳೆಯ ಪದ್ಧತಿ, ಎಲ್ಲರಿಗೂ ತೆರೆದದ್ದು. ಆದರೆ ಕೋಟ್ಯಂತರ ಬಳಕೆದಾರರ ಮೇಲೆ ಪ್ರಯೋಗಿಸಿ ನೋಡುವ ಅವಕಾಶ ಯಾವ ವಿಶ್ವವಿದ್ಯಾಲಯಕ್ಕಿದೆ?

ಯುರೋಪಿನವರ ತಳಮಳ ಇದೇ. ಜಾಲದ ಮೇಲೆ ನಡೆಯುವ ಸೇವೆಗಳೆಲ್ಲ ಬೆರಳೆಣಿಕೆಯ ಕಂಪನಿಗಳ ಅಂಗಳಕ್ಕೆ ಸೇರುತ್ತಿವೆಯೆಂದು ಅವರು 2011ರಲ್ಲಿ ಸುಮಾರು 30 ಕೋಟಿ ಯೂರೋ ಸರ್ಕಾರಿ ಹಣದಿಂದ ಸೇವೆಗಳಿಗೊಂದು ತೆರೆದ ತಳಹದಿ ಕಟ್ಟಲು ಹೊರಟರು. ಅದರ ಹೆಸರು ‘ಫೈವೇರ್’. ಸ್ಪೇನಿನ ಸಾಂತಾಂದೇರ್ ಊರನ್ನು ನೋಡಿದರೆ ಅದರ ಅಗತ್ಯ ತಿಳಿಯುತ್ತದೆ. ಎರಡು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಈ ಬಂದರು ಪಟ್ಟಣದಲ್ಲಿ 2010ರಿಂದ ಸುಮಾರು 12 ಸಾವಿರ ಸಂವೇದಕಗಳನ್ನು ಅಳವಡಿಸಲಾಯಿತು. ಡಾಂಬರಿನಡಿ ಹೂತ ಸಂವೇದಕ, ಮೇಲೆ ಕಾರು ನಿಂತಿದೆಯೇ ಇಲ್ಲವೇ ಎಂದು ತಿಳಿಸುತ್ತದೆ. ಎಲ್ಲಿ ಜಾಗ ಖಾಲಿಯಿದೆಯೆಂದು ರಸ್ತೆ ಬದಿಯ ಫಲಕದಲ್ಲಿ ಮೂಡುತ್ತದೆ. ಉದ್ಯಾನದ ಮಣ್ಣಿನ ತೇವ, ಬೀದಿಯ ಸದ್ದು ಇವಕ್ಕೆ ಬೇರೆ ಸಂವೇದಕಗಳು. ಒಬ್ಬೊಬ್ಬ ತಯಾರಕನದು ಒಂದೊಂದು ಭಾಷೆಯಾದರೆ ಊರು ಯಾವನೋ ಒಬ್ಬ ಮಾರಾಟಗಾರನಿಗೆ ಜೀವನಪೂರ್ತಿ ಅಂಟಿಕೊಳ್ಳಬೇಕಾಗುತ್ತದೆ. ಫೈವೇರ್ ಮಾಡಿದ್ದು ಎಲ್ಲ ಸಂವೇದಕಗಳೂ ಒಂದೇ ರೀತಿಯ ವಾಕ್ಯದಲ್ಲಿ ವರದಿ ಒಪ್ಪಿಸುವಂಥ ವ್ಯವಸ್ಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಜೊತೆ ರೂಪಿಸಿದ ‘ಇಂಡಿಯಾ ಅರ್ಬನ್ ಡೇಟಾ ಎಕ್ಸ್‌ಚೇಂಜ್’ ಕೂಡ ಇದೇ ಜಾತಿಯ ಕೆಲಸ. ಬಸ್ಸು ಎಲ್ಲಿದೆ, ಗಾಳಿ ಎಷ್ಟು ಕೆಟ್ಟಿದೆ ಎಂಬಂಥ ನಗರದ ಮಾಹಿತಿಯನ್ನು ಒಂದು ಇಲಾಖೆಯ ಕಪಾಟಿನಿಂದ ಇನ್ನೊಂದರ ಉಪಯೋಗಕ್ಕೆ ತರುವ ಪ್ರಯತ್ನ ಅದು.

ದೊಡ್ಡ ಹಣ, ದೊಡ್ಡ ಕಂಪನಿಗಳ ಫೈವೇರ್ ಅನುಭವದ ಬಳಿಕ ಯುರೋಪ್ ಇನ್ನೊಂದು ದಾರಿಯನ್ನೂ ಹಿಡಿಯಿತು. 2018ರ ಕೊನೆಯಿಂದ ಅದರ ‘ನೆಕ್ಸ್ಟ್ ಜನರೇಶನ್ ಇಂಟರ್‌ನೆಟ್’ ಕಾರ್ಯಕ್ರಮದ ಹಣದ ಒಂದು ಪಾಲನ್ನು ನೆದರ್‌ಲೆಂಡ್ಸಿನ ಎನ್‌ಎಲ್‌ನೆಟ್ ಪ್ರತಿಷ್ಠಾನ ಚಿಕ್ಕ ಚಿಕ್ಕ ಅನುದಾನಗಳಾಗಿ ಹಂಚತೊಡಗಿತು: 5 ಸಾವಿರದಿಂದ 50 ಸಾವಿರ ಯೂರೋ. ಒಬ್ಬಿಬ್ಬರೇ ಕೂತು ಬರೆಯುವ ಪ್ರೋಗ್ರಾಂಗೂ ಸಿಗುತ್ತದೆ. ಷರತ್ತೊಂದೇ ಮುಖ್ಯ, ಬರೆದದ್ದನ್ನು ಎಲ್ಲರಿಗೂ ಮುಕ್ತವಾಗಿ ಬಿಡಬೇಕು. ಯಾವ ಒಬ್ಬ ಕಂಪನಿಯ ಹಿಡಿತಕ್ಕೂ ಸಿಗದ ‘ಮಾಸ್ಟೊಡಾನ್’ ಸಾಮಾಜಿಕ ಜಾಲ, 4 ಸಾವಿರಕ್ಕಿಂತ ಕಡಿಮೆ ಸಾಲುಗಳಲ್ಲಿ ಬರೆದ ‘ವೈರ್‌ಗಾರ್ಡ್’ ಎಂಬ ಸುರಕ್ಷಿತ ಸಂಪರ್ಕದ ತಂತ್ರಾಂಶ ಇಂಥ ನೆರವು ಪಡೆದಿವೆ. ಆದರೆ ಸರ್ಕಾರಿ ಹಣಕ್ಕೆ ಖಾತರಿಯೆಲ್ಲಿ? 2025ರ ಕರಡು ಕಾರ್ಯಸೂಚಿಯಲ್ಲಿ ಈ ಕಾರ್ಯಕ್ರಮದ ಹೆಸರೇ ಇಲ್ಲದ್ದನ್ನು ಕಂಡು 2024ರ ಜುಲೈನಲ್ಲಿ ಹಲವಾರು ಸಂಸ್ಥೆಗಳು ಬಹಿರಂಗ ಪತ್ರ ಬರೆದು ಪ್ರತಿಭಟಿಸಬೇಕಾಯಿತು.

ಕಂಪ್ಯೂಟರ್ ಸೈನ್ಸ್ ಸೀಟಿಗಾಗಿ ಓಡಾಡುವ ತಂದೆತಾಯಿಯರಿಗೆ ಇದೆಲ್ಲ ದೂರದ ಸಂಗತಿ ಎನಿಸಬಹುದು. ಆದರೆ ಜಾಲದ ಮೊದಲ ಕಾಗದ ಬರೆದದ್ದು ಒಬ್ಬ ವಿದ್ಯಾರ್ಥಿ. 1969ರಲ್ಲಿ ಲಾಸ್ ಏಂಜಲೀಸಿನಲ್ಲಿ ಓದುತ್ತಿದ್ದ, 24 ವರ್ಷದ ಸ್ಟೀವ್ ಕ್ರಾಕರ್, ತಾನು ಉಳಿದುಕೊಂಡಿದ್ದ ಗೆಳೆಯರ ಮನೆಯಲ್ಲಿ ಮಲಗಿದ್ದವರಿಗೆ ತೊಂದರೆಯಾಗದಿರಲೆಂದು ರಾತ್ರಿ ಬಚ್ಚಲುಮನೆಯಲ್ಲಿ ಕುಳಿತು ಕೆಲವು ಟಿಪ್ಪಣಿ ಗೀಚಿದ. ಹಿರಿಯರು ಯಾರಾದರೂ ಬಂದು ನೀವ್ಯಾರು ಇದನ್ನೆಲ್ಲ ನಿರ್ಧರಿಸಲು ಎಂದು ಗದರಿಯಾರೆಂಬ ಅಳುಕಿನಿಂದ ಅದಕ್ಕೆ ‘ರಿಕ್ವೆಸ್ಟ್ ಫಾರ್ ಕಾಮೆಂಟ್ಸ್’ ಎಂದು ಹೆಸರಿಟ್ಟ. ಅಭಿಪ್ರಾಯ ತಿಳಿಸಿರೆಂಬ ವಿನಯದ ಕೋರಿಕೆ. ಏಪ್ರಿಲ್ 7ರ ತಾರೀಖು ಹೊತ್ತ ಆ ಕಾಗದವೇ ಆರ್‌ಎಫ್‌ಸಿ 1. ಜಾಲದ ನಿಯಮಗಳೆಲ್ಲ ಇಂದಿಗೂ ಅದೇ ಸರಣಿಯಲ್ಲಿ, ಅದೇ ಹೆಸರಿನಲ್ಲಿ ಪ್ರಕಟವಾಗುತ್ತವೆ. ಕ್ವಿಕ್ ಪದ್ಧತಿಗೆ ಬಿದ್ದ ಸಂಖ್ಯೆ 9000.

ಈ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ಮಂಡಳಿಗೆ ಸದಸ್ಯತ್ವದ ಅರ್ಜಿಯಿಲ್ಲ. ಕರಡು ಬರೆದು ಕಳಿಸಲು ಯಾವ ಪದವಿಯೂ ಬೇಡ. ಮತದಾನವೂ ಇಲ್ಲ, ಸಭೆಯಲ್ಲಿ ಒಪ್ಪುವವರು ಬಾಯಿ ಮುಚ್ಚಿಕೊಂಡೇ ‘ಹ್ಞೂಂ’ ಎಂದು ಗುಂಯ್‌ಗುಡುತ್ತಾರೆ, ಆಮೇಲೆ ಒಪ್ಪದವರು. ಸದ್ದು ಎತ್ತ ಹೆಚ್ಚೆಂದು ಆಲಿಸಿ ಮುಂದಿನ ಚರ್ಚೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಇಂಜಿನಿಯರ್‌ಗಳ ಹೆಸರುಗಳೂ ಇತ್ತೀಚಿನ ಆರ್‌ಎಫ್‌ಸಿಗಳ ಮೊದಲ ಪುಟದಲ್ಲಿ ಕಾಣುತ್ತವೆ. ಪಿಯುಸಿ ಓದುವ ಹುಡುಗ ಹುಡುಗಿಯರು ಶುರುಮಾಡುವುದಾದರೆ 791ನೆಯದು ಒಳ್ಳೆಯದು. 1981ರ ಸೆಪ್ಟೆಂಬರಿನದು, ಐವತ್ತು ಪುಟಗಳ ಆಸುಪಾಸು, ದುಡ್ಡು ಕೊಡಬೇಕಾಗಿಲ್ಲ. ಸರ್ಫ್ ತೀರ್ಮಾನಿಸಿದ ಆ 32 ಬಿಟ್ ವಿಳಾಸಗಳನ್ನು, ಕಳಿಸುವವನದೊಂದು, ಪಡೆಯುವವನದೊಂದು, ಒಂದರ ಕೆಳಗೊಂದು ಚೌಕಗಳಲ್ಲಿ ಅದರಲ್ಲೇ ಬರೆದು ತೋರಿಸಿದ್ದಾರೆ.